ಹಲಗೆಯೋ, ಕೌದಿಯೋ? ಪೆಟ್ಟಾದವರನ್ನು ಅಲುಗದಂತೆ ಇಡುವಾಗ ಯಾವುದು, ಎಷ್ಟು ಹೊತ್ತು

"ಕಾಲಿನ ನೋವು ಹೆಂಗರ ತಡ್ಕೊಂತೀನಿ ಯವ್ವಾ, ಮೊದಲ ಈ ಹಲಗಿ ತಗೀರಿ."

ಬಸವನ ಬಾಗೇವಾಡಿ ಕಡೆಯ ಒಬ್ಬ ಅಜ್ಜ ಹೇಳಿದ ಮಾತಿದು. ಕಣಿಕೆ ಬಣವೆ ಮೇಲಿಂದ ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದರು. ಅಂಥ ಕಾಲಿಗಿಂತ ಬೆನ್ನ ಕೆಳಗಿನ ಹಲಗೆ ಜಾಸ್ತಿ ನೋಯುತ್ತದೆ ಅಂದರೆ ಯಾರು ನಂಬುತ್ತಾರೆ? ನಾನೂ ನಂಬಲಿಲ್ಲ. "ಸುಮ್ನೆ ಮಲಗು ಅಜ್ಜಾ, ಅಲುಗಾಡಬಾರದು" ಅಂದೆ. ಎಕ್ಸ್‌ರೇ ಮುಂದೆ ಪಾಳಿ ಇತ್ತು. ಆಮೇಲೆ ಸ್ಕ್ಯಾನ್. ಆಮೇಲೆ ಬೆಡ್ ಖಾಲಿ ಇರಲಿಲ್ಲ. ಮೂರು ಗಂಟೆ ಕಳೆದ ಮೇಲೆ ಅವರನ್ನು ಮಗ್ಗುಲಿಗೆ ಹೊರಳಿಸಿದಾಗ ಬೆನ್ನಿನ ತಳದ ಎಲುಬಿನ ಮೇಲೆ ಅಂಗೈ ಅಗಲದ ಕೆಂಪು ಗುರುತು. ಬೆರಳಿಟ್ಟು ಒತ್ತಿದರೂ ಬಿಳಿಚಲಿಲ್ಲ. ಒತ್ತಿದಾಗ ಬಿಳಿಚದ ಕೆಂಪು ಅಂದರೆ ಒತ್ತಡದ ಹುಣ್ಣಿನ ಮೊದಲ ಮೆಟ್ಟಿಲು. ಬೆನ್ನುಹುರಿಗೆ ಏನೂ ಆಗಿರಲಿಲ್ಲ. ಬೆನ್ನಿಗೆ ಆದ ಪೆಟ್ಟು ನಾವೇ ಕೊಟ್ಟಿದ್ದು. ಆವತ್ತು ಡ್ಯೂಟಿ ನನ್ನದೇ.

ಆಮೇಲೆ ವರ್ಷಗಟ್ಟಲೆ ಕ್ಯಾಶುವಾಲ್ಟಿಯಲ್ಲಿ ಕೆಲಸ ಮಾಡಿದೆ. ಬಾಗಲಕೋಟೆಗೆ, ಬೆಳಗಾವಿಗೆ ರೋಗಿಗಳ ಜೊತೆ ಆಂಬುಲೆನ್ಸ್‌ನಲ್ಲಿ ಕೂತು ಹೋದೆ. ಹೊಸದಾಗಿ ಬಂದ ಸಿಸ್ಟರ್‌ಗಳು, ಬ್ರದರ್‌ಗಳು, ಆಂಬುಲೆನ್ಸ್ ಹುಡುಗರು ಒಂದೇ ಪ್ರಶ್ನೆ ಕೇಳುತ್ತಾರೆ: ಮೇಡಂ, ಯಾವುದು ಒಳ್ಳೇದು? ಗಟ್ಟಿ ಹಲಗೆಯೋ, ಸ್ಟ್ರೆಚರೋ? ಕುತ್ತಿಗೆಗೆ ಕಾಲರ್ ಹಾಕಬೇಕೋ ಬೇಡವೋ? ಕಟ್ಟಿಗೆ ಪಟ್ಟಿಯೋ, ಪಿಒಪಿ ಅನ್ನುವ ಪ್ಲಾಸ್ಟರೋ? ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ರೋಗಿಯ ಮನೆಯವರಿಗೂ ಉಪಯೋಗಕ್ಕೆ ಬರಬಹುದು. ಆದರೆ ಕಟ್ಟಿದ್ದನ್ನು ಬಿಚ್ಚುವ ತೀರ್ಮಾನ ಮಾತ್ರ ಡಾಕ್ಟರದು. ಮನೆಯವರು ಕೇಳಬಹುದು, ಒತ್ತಾಯವನ್ನೂ ಮಾಡಬಹುದು. ತಾವೇ ಬಿಚ್ಚಬಾರದು.

ಮೊದಲ ಪ್ರಶ್ನೆ: ಎಷ್ಟು ಹೊತ್ತು?

ಎಲ್ಲರೂ ಮೊದಲು ಪೆಟ್ಟು ಎಲ್ಲಿ ಅಂತ ಕೇಳುತ್ತಾರೆ. ಅದು ಬೇಕೇ ಬೇಕು. ಅದರ ಬೆನ್ನಿಗೇ ನಾನು ಕೇಳುವುದು, ಇವರು ಇದರ ಮೇಲೆ ಎಷ್ಟು ಹೊತ್ತು ಇರುತ್ತಾರೆ ಅಂತ. ಹತ್ತು ನಿಮಿಷಕ್ಕೆ ಒಳ್ಳೇದಾದ ಸಾಮಾನು ಎರಡು ಗಂಟೆಗೆ ಶಿಕ್ಷೆಯಾಗುತ್ತದೆ.

ನಮ್ಮ ಕಡೆ ದಾರಿಗಳು ಗೊತ್ತಲ್ಲ. ವಿಜಯಪುರದಿಂದ ಬೆಳಗಾವಿ ಹತ್ತಿರ ಹತ್ತಿರ 200 ಕಿ.ಮೀ. ಸಿಂದಗಿ, ಮುದ್ದೇಬಿಹಾಳ ಕಡೆಯವರು ಜಿಲ್ಲಾ ಕೇಂದ್ರಕ್ಕೆ ಬರುವುದಕ್ಕೇ ಒಂದು ಗಂಟೆಗೂ ಮೇಲೆ. ಕಬ್ಬಿನ ಸೀಜನ್‌ನಲ್ಲಿ ಜಮಖಂಡಿ, ಮುಧೋಳ, ಅಥಣಿ ರಸ್ತೆಯಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳ ಹಿಂದೆ ಸಿಕ್ಕಿಬಿದ್ದರೆ ಸೈರನ್ ಹಾಕಿದರೂ ಅಷ್ಟೇ. ಪುಸ್ತಕದಲ್ಲಿ ಬರೆಯುವ "ಆಸ್ಪತ್ರೆಗೆ ಸಾಗಿಸುವ ಸಮಯ" ಊರಿಂದ ಊರಿಗೆ ಬೇರೆ. ಅದಕ್ಕೇ ಪಟ್ಟಣದಲ್ಲಿ ಸರಿಹೋಗುವ ಆಯ್ಕೆ ನಮಗೆ ಹಾಗೇ ಹೊಂದುವುದಿಲ್ಲ.

ಬೆನ್ನ ಕೆಳಗೆ ಏನಿರಬೇಕು

ಗಟ್ಟಿ ಹಲಗೆಯಿಂದ ಶುರು ಮಾಡೋಣ. ಸ್ಪೈನ್ ಬೋರ್ಡ್ ಅನ್ನುತ್ತಾರೆ. ಹಳದಿ ಅಥವಾ ಕಿತ್ತಳೆ ಬಣ್ಣದ ಉದ್ದನೆ ಪ್ಲಾಸ್ಟಿಕ್, ಅಂಚಿಗೆ ಹಿಡಿಕೆಗಳು. ಇದು 1960ರ ದಶಕದಲ್ಲಿ ಬಳಕೆಗೆ ಬಂದದ್ದು ನಜ್ಜುಗುಜ್ಜಾದ ಗಾಡಿಯಿಂದ ಜನರನ್ನು ಹೊರಗೆ ಜಾರಿಸಿ ತೆಗೆಯುವುದಕ್ಕೆ. ಆ ಕೆಲಸಕ್ಕೆ ಇದರಂಥದ್ದು ಇನ್ನೊಂದಿಲ್ಲ. ಕಾಲುವೆಗೆ ಉರುಳಿದ ಕ್ರೂಸರ್‌ನಿಂದ ಎಳೆದು ತರುವಾಗ ನನಗೂ ಇದೇ ಬೇಕು. ತೊಂದರೆ ಏನೆಂದರೆ, ಹೊರಗೆ ತೆಗೆದ ಮೇಲೂ ರೋಗಿ ಅದರ ಮೇಲೇ ಉಳಿದುಬಿಡುತ್ತಾನೆ. ಹೊರಗೆ ತರುವ ಸಾಧನವೇ ಮಲಗುವ ಹಾಸಿಗೆ ಆಗಿಬಿಟ್ಟಿತು.

ಅಮೆರಿಕದಲ್ಲಿ 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಏನೂ ಪೆಟ್ಟಾಗದ 21 ಜನ ಆರೋಗ್ಯವಂತರನ್ನು ಇಂಥ ಹಲಗೆಗೆ 30 ನಿಮಿಷ ಕಟ್ಟಿ ಮಲಗಿಸಿದರು. ಅಷ್ಟೂ ಜನಕ್ಕೆ ನೋವು ಬಂತು. ಅರ್ಧಕ್ಕಿಂತ ಜಾಸ್ತಿ ಜನ ನೋವು ಮಧ್ಯಮ ಅಥವಾ ತೀವ್ರ ಅಂದರು. ತಲೆಯ ಹಿಂಭಾಗ, ಸೊಂಟ, ಬೆನ್ನಿನ ತಳ, ದವಡೆ. ನಮ್ಮ ಅಜ್ಜನೂ ಬಹುತೇಕ ಇವೇ ಜಾಗ ತೋರಿಸಿದ್ದರು. ಇದರಲ್ಲಿ ಇನ್ನೊಂದು ತೊಡಕಿದೆ. ಹಲಗೆಯಿಂದಲೇ ಬಂದ ಬೆನ್ನುನೋವನ್ನು ನೋಡಿ "ಬೆನ್ನುಮೂಳೆಗೆ ಪೆಟ್ಟಾಗಿರಬಹುದು" ಅಂತ ಮತ್ತೆ ಎಕ್ಸ್‌ರೇ ಬರೆಯುತ್ತಾರೆ. ಆ ಎಕ್ಸ್‌ರೇ ಬರುವವರೆಗೂ ರೋಗಿ ಅದೇ ಹಲಗೆಯ ಮೇಲೆ.

ಸ್ಕೂಪ್ ಸ್ಟ್ರೆಚರ್ ಎರಡನೆಯದು. ಉದ್ದಕ್ಕೆ ಎರಡು ಭಾಗವಾಗುತ್ತದೆ. ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು ತೂರಿಸಿ ತಲೆಯ ಹತ್ತಿರ, ಕಾಲಿನ ಹತ್ತಿರ ಕೊಂಡಿ ಹಾಕುತ್ತಾರೆ. ರೋಗಿಯನ್ನು ಪೂರ್ತಿ ಮಗ್ಗುಲಿಗೆ ಹೊರಳಿಸಬೇಕಾಗಿಲ್ಲ, ತುಸು ಓರೆ ಮಾಡಿದರೆ ಸಾಕು. ಸೊಂಟದ ಎಲುಬು ಮುರಿದವರಿಗೆ ಇದು ದೊಡ್ಡ ಉಪಕಾರ, ಯಾಕೆಂದರೆ ಅವರನ್ನು ಹೊರಳಿಸಿದಷ್ಟೂ ನೋವು, ಒಳಗೆ ರಕ್ತಸ್ರಾವವೂ ಜಾಸ್ತಿ. ಎತ್ತುವುದಕ್ಕೆ, ಇಳಿಸುವುದಕ್ಕೆ ನನ್ನ ಓಟು ಇದಕ್ಕೇ. ಮಲಗಿಸಿಡುವುದಕ್ಕೆ ಇದೂ ಗಟ್ಟಿಯೇ. ಅಲ್ಯೂಮಿನಿಯಮ್ಮಿನದಾದರೆ ಏಪ್ರಿಲ್ ತಿಂಗಳಲ್ಲಿ ಬಿಸಿಲಿಗೆ ಇಟ್ಟದ್ದನ್ನು ಮುಟ್ಟಿ ನೋಡಿ, ರೊಟ್ಟಿ ಹಂಚು. ಬಳಸುವ ಮೊದಲು ಕೈ ಇಟ್ಟು ನೋಡಲೇಬೇಕು.

ಮೂರನೆಯದು ವ್ಯಾಕ್ಯೂಮ್ ಹಾಸಿಗೆ. ಒಳಗೆ ಥರ್ಮಾಕೋಲ್‌ನಂಥ ಸಣ್ಣ ಗುಂಡುಗಳಿರುತ್ತವೆ. ಮಲಗಿಸಿ, ಮೈಗೆ ಒತ್ತಿ, ಪಂಪಿನಿಂದ ಗಾಳಿ ಹೊರಗೆ ತೆಗೆದರೆ ಮೈಯ ಆಕಾರಕ್ಕೇ ಗಟ್ಟಿಯಾಗುತ್ತದೆ. ಬ್ರಿಟನ್‌ನಲ್ಲಿ 1994ರಲ್ಲೇ ಬಂದ ಒಂದು ಅಳತೆ ನನ್ನ ಮನಸ್ಸಿನಲ್ಲಿ ಕೂತಿದೆ. ಬೆನ್ನಿನ ತಳದ ಮೇಲೆ ಬೀಳುವ ಒತ್ತಡ ಗಟ್ಟಿ ಹಲಗೆಯಲ್ಲಿ ಸುಮಾರು 147, ವ್ಯಾಕ್ಯೂಮ್ ಹಾಸಿಗೆಯಲ್ಲಿ ಸುಮಾರು 37. ಬಿಪಿ ಅಳೆಯುವ ಅದೇ ಪಾದರಸದ ಲೆಕ್ಕ. ಚರ್ಮದ ಸಣ್ಣ ರಕ್ತನಾಳಗಳು ಸುಮಾರು 32ರ ಆಸುಪಾಸಿನಲ್ಲೇ ಮುಚ್ಚಿಕೊಳ್ಳಲು ಶುರುವಾಗುತ್ತವೆ ಅನ್ನುವುದು ಹಳೆಯ ಲೆಕ್ಕ. ಈ ಮೂರು ಸಂಖ್ಯೆ ಪಕ್ಕಪಕ್ಕ ಇಟ್ಟು ನೋಡಿದರೆ ಅಜ್ಜನ ಬೆನ್ನಿನ ಕೆಂಪು ಗುರುತು ಯಾಕೆ ಬಂತು ಅಂತ ಬೇರೆ ಹೇಳಬೇಕಾಗಿಲ್ಲ. ದೂರದ ದಾರಿಗೆ ಇದೇ ಎಲ್ಲಕ್ಕಿಂತ ಹಿತ. ಆದರೆ ಬೆಲೆ ಜಾಸ್ತಿ, ಮುಳ್ಳೋ ಗಾಜೋ ಚುಚ್ಚಿದರೆ ಕೆಲಸ ಮುಗೀತು. ನಮ್ಮ ಕಡೆ ನಾನು ನೋಡಿದ್ದು ಬೆರಳೆಣಿಕೆಯಷ್ಟು. ಸಿಕ್ಕರೆ ಬಿಡಬೇಡಿ. ಸಿಗುವುದಿಲ್ಲ ಅಂತಲೇ ಇಟ್ಟುಕೊಂಡು ಮುಂದಿನ ಮಾತು.

ನಾಲ್ಕನೆಯದನ್ನು ಯಾರೂ ಆಯ್ಕೆ ಅಂತಲೇ ಎಣಿಸುವುದಿಲ್ಲ: ಆಂಬುಲೆನ್ಸ್‌ನ ಮಾಮೂಲಿ ಸ್ಟ್ರೆಚರ್, ಅದರ ಮೇಲಿನ ತೆಳು ಹಾಸಿಗೆ. ರೋಗಿಯನ್ನು ಅಂಗಾತ ಮಲಗಿಸಿ, ಬೆಲ್ಟ್ ಹಾಕಿ, ತಲೆ ಅಲುಗದಂತೆ ನೋಡಿಕೊಂಡರೆ ಬೆನ್ನುಮೂಳೆ ಕಾಯುವುದಕ್ಕೆ ಅದೂ ನಡೆಯುತ್ತದೆ. ಅಮೆರಿಕದ ಸರ್ಜನ್‌ಗಳ, ತುರ್ತು ವೈದ್ಯರ ಸಂಘಗಳು 2018ರಲ್ಲಿ ಒಟ್ಟಿಗೆ ಕೊಟ್ಟ ಹೇಳಿಕೆಯಲ್ಲಿ ಹಲಗೆ, ಸ್ಕೂಪ್, ವ್ಯಾಕ್ಯೂಮ್ ಹಾಸಿಗೆಗಳ ಸಾಲಿನಲ್ಲೇ ಇದನ್ನೂ ಇಟ್ಟಿದ್ದಾರೆ. ನನ್ನ ಕ್ರಮ ಹೀಗೆ: ಗಾಡಿಯಿಂದ ತೆಗೆಯಲು ಹಲಗೆ, ನೆಲದಿಂದ ಎತ್ತಲು ಸ್ಕೂಪ್, ಎತ್ತಿದ ಮೇಲೆ ಎರಡನ್ನೂ ಬಿಡಿಸಿ ಸ್ಟ್ರೆಚರ್ ಹಾಸಿಗೆ. ಆಸ್ಪತ್ರೆ ಹತ್ತು ನಿಮಿಷದ ದಾರಿಯಲ್ಲೇ ಇದ್ದರೆ ಹಲಗೆ ಸಮೇತ ಓಡಿ, ಅಲ್ಲಿ ಮುಟ್ಟಿದ ಕೂಡಲೇ ತೆಗೆಸಿ. ಮಧ್ಯದಲ್ಲಿ ಬದಲಿಸಲು ಕೈಗಳು ಸಾಲದಿದ್ದರೆ ಬದಲಿಸಬೇಡಿ. ಇಬ್ಬರೇ ಇದ್ದಾಗ ಮಾಡುವ ಬದಲಾವಣೆಯಲ್ಲಿ ರೋಗಿ ತಿರುಚಿಕೊಳ್ಳುತ್ತಾನೆ.

ಕೌದಿಯ ಮಾತು

ಹಲಗೆ ಬಿಟ್ಟರೆ ಬೇರೆ ದಾರಿ ಇಲ್ಲ, ದಾರಿಯೂ ದೂರ. ಆಗ? ಹಲಗೆಯ ಮೇಲೆ ಏನಾದರೂ ಹಾಸಿ. ಮೆತ್ತೆ ಹಾಕಿದ ಹಲಗೆಯಲ್ಲಿ ನೋವು ಕಡಿಮೆ, ಕುತ್ತಿಗೆ ಹಿಡಿದಿಡುವುದರಲ್ಲಿ ವ್ಯತ್ಯಾಸವಿಲ್ಲ ಅಂತ 1995ರಲ್ಲೇ ತೋರಿಸಿದ್ದಾರೆ. ಆದರೂ "ಹಾಸಿದರೆ ಗಟ್ಟಿ ಹಿಡಿಯಲ್ಲ" ಅನ್ನುವ ಮಾತು ಇನ್ನೂ ಹೋಗಿಲ್ಲ.

ಏನು ಹಾಸುವುದು ಅನ್ನುವಲ್ಲಿ ನಮ್ಮೂರ ಕೌದಿಯನ್ನು ಮೀರಿಸುವುದು ಕಡಿಮೆ. ನಗಬೇಡಿ. ಫೋಮ್ ಹಾಳೆ ಮೈಭಾರಕ್ಕೆ ಕುಗ್ಗಿ ತಳ ಮುಟ್ಟುತ್ತದೆ. ಕಂಬಳಿ ಬೇಸಿಗೆಯಲ್ಲಿ ಕಡಿಯುತ್ತದೆ. ಹಳೇ ಸೀರೆ ಪದರ ಪದರ ಸೇರಿಸಿ ಒತ್ತಾಗಿ ಹೊಲಿದ ಕೌದಿ ತೆಳ್ಳಗಿದ್ದರೂ ಬೇಗ ಕುಗ್ಗುವುದಿಲ್ಲ, ಬೆವರು ಹೀರುತ್ತದೆ, ಎಕ್ಸ್‌ರೇಗೂ ಅಡ್ಡಿಯಿಲ್ಲ. ವಿಜಯಪುರದ ಬೇಸಿಗೆ 40 ಡಿಗ್ರಿ ದಾಟಿದಾಗ ಬರೀ ಪ್ಲಾಸ್ಟಿಕ್ ಮೇಲೆ ಅಂಗಿ ಇಲ್ಲದೆ ಮಲಗಿದವನ ಬೆನ್ನು ಹೇಗೆ ಅಂಟುತ್ತದೆ ಅಂತ ನೋಡಿದವರಿಗೆ ಇದರ ಬೆಲೆ ಗೊತ್ತು. ಮನೆಯವರು ಹೇಗೂ ಒಂದು ಕೌದಿ ಹೆಗಲಿಗೆ ಹಾಕಿಕೊಂಡೇ ಬಂದಿರುತ್ತಾರೆ. ಅದನ್ನು ಮೂಲೆಗೆ ಎಸೆಯುವ ಬದಲು ಎರಡು ಮಡಿಕೆ ಮಾಡಿ ಹಲಗೆಗೆ ಹಾಸಿ. ಸುಕ್ಕು ಇರಬಾರದು, ಸುಕ್ಕಿದ್ದರೆ ಅದೇ ಒತ್ತುತ್ತದೆ. ಕುಚ್ಚು, ಕನ್ನಡಿ ಇದ್ದರೆ ಆ ಮಗ್ಗುಲು ಕೆಳಗೆ ಬರಲಿ. ತೀರ ದಪ್ಪವೂ ಬೇಡ. ದಪ್ಪ ಹಾಸಿಗೆಯಲ್ಲಿ ಸೊಂಟ ಕುಸಿಯುತ್ತದೆ.

ಪೂರ್ತಿ ಹಾಸಲು ಆಗದಿದ್ದರೆ ಸಂದು ತುಂಬಿ. ಮನುಷ್ಯನ ಬೆನ್ನು ಚಪ್ಪಟೆ ಇಲ್ಲ ಅಲ್ವಾ? ಸೊಂಟದ ಹಿಂದಿನ ತಗ್ಗಿಗೆ ಮಡಚಿದ ಟವೆಲ್. ಮೊಣಕಾಲಿನ ಕೆಳಗೆ ಸಣ್ಣ ಸುರುಳಿ, ಕಾಲು ಮುರಿದಿಲ್ಲ ಅಂತ ಖಾತ್ರಿ ಇದ್ದರೆ ಮಾತ್ರ. ಮೊಣಕಾಲು ತುಸು ಮಡಚಿದ ಕೂಡಲೇ ಸೊಂಟದ ಬಿಗಿ ಸಡಿಲವಾಗುತ್ತದೆ, ರೋಗಿ "ಹಾಂ" ಅಂತ ಉಸಿರು ಬಿಡುತ್ತಾನೆ. ಹಿಮ್ಮಡಿಗೆ ಸ್ವಲ್ಪ ಮೇಲೆ, ಕಾಲಿನ ಹಿಂಬದಿಯ ದಪ್ಪ ಸ್ನಾಯುಹುರಿ ಇರುವ ಜಾಗಕ್ಕೆ ತೆಳು ಬಟ್ಟೆ ಕೊಟ್ಟು ಹಿಮ್ಮಡಿ ಹಲಗೆಗೆ ತಾಗದಂತೆ ಮಾಡಿ. ತಲೆಯ ಕೆಳಗೆ ದೊಡ್ಡವರಿಗೆ ಸುಮಾರು ಎರಡು ಸೆಂ.ಮೀ. ಮಡಿಕೆ. ಎಂಟು ವರ್ಷದೊಳಗಿನ ಮಕ್ಕಳಿಗೆ ಲೆಕ್ಕ ಉಲ್ಟಾ. ಅವರ ತಲೆ ದೊಡ್ಡದು, ಹಲಗೆಯ ಮೇಲೆ ಮಲಗಿಸಿದರೆ ಗದ್ದ ಎದೆಗೆ ಬಗ್ಗುತ್ತದೆ. ಅವರಿಗೆ ಮಡಿಕೆ ಬೇಕಾದದ್ದು ಭುಜದ ಕೆಳಗೆ.

ಹಾಸುವ ಮೊದಲು ಹಿಂದಿನ ಜೇಬಿಗೆ ಕೈ ಹಾಕಿ. ಪಾಕೀಟು, ಮೊಬೈಲ್, ಟ್ರ್ಯಾಕ್ಟರ್ ಕೀಲಿ, ತಂಬಾಕಿನ ಡಬ್ಬಿ. ಡಬ್ಬಿಯ ಗುಂಡನೆ ಅಚ್ಚು ಚರ್ಮದ ಮೇಲೆ ಮೂಡಿದ್ದನ್ನು ನೋಡಿದ್ದೇನೆ.

ಗೂನು ಬೆನ್ನಿನ ಹಿರಿಯರ ವಿಷಯ ಬೇರೆಯೇ. ಅವರನ್ನು ಚಪ್ಪಟೆ ಮಾಡಲು ಹೋಗಬೇಡಿ. ವರ್ಷಗಳಿಂದ ಬಾಗಿ ಗಟ್ಟಿಯಾದ ಬೆನ್ನು ಒತ್ತಿದರೆ ನೆಟ್ಟಗಾಗುವುದಿಲ್ಲ, ಮುರಿಯುತ್ತದೆ. ತಲೆಯ ಕೆಳಗೆ ಎರಡೋ ಮೂರೋ ಮಡಿಕೆ ಇಟ್ಟು, ಅವರು ಬಾಗಿದ್ದ ಹಾಗೇ ಇರಲು ಬಿಡಿ.

ಕಾಲು ಜೋಮು ಹಿಡಿದವರು, ಸೊಂಟದ ಕೆಳಗೆ ಸ್ಪರ್ಶ ಗೊತ್ತಾಗದವರು ಏನೂ ಹೇಳುವುದಿಲ್ಲ. ಹಲಗೆ ಅವರಿಗೆ ನೋಯುವುದೇ ಇಲ್ಲ. ಕೂಗಾಡುವವನ ಬೆನ್ನು ಯಾರಾದರೂ ನೋಡುತ್ತಾರೆ, ಇವರ ಬೆನ್ನು ಯಾರೂ ನೋಡುವುದಿಲ್ಲ. ಹುಣ್ಣು ಬೇಗ ಆಗುವುದು ಇವರಿಗೇ. ಹಲಗೆ ಮೊದಲು ತೆಗೆಯಬೇಕಾದದ್ದೂ ಇವರದೇ.

ಕುತ್ತಿಗೆಗೆ: ಗಟ್ಟಿ ಕಾಲರ್, ಮೆತ್ತನೆ ಕಾಲರ್, ಟವೆಲ್ ಸುರುಳಿ

ಗಟ್ಟಿ ಕಾಲರ್ ಹಾಕಿದರೆ ಕೆಲಸ ಮುಗೀತು ಅಂದುಕೊಳ್ಳುತ್ತಾರೆ. ಅಳತೆ ತಪ್ಪಿದ ಕಾಲರ್ ಕಾಲರ್ ಇಲ್ಲದ್ದಕ್ಕಿಂತ ಕೆಟ್ಟದ್ದು. ದೊಡ್ಡದಾದರೆ ಗದ್ದವನ್ನು ಮೇಲಕ್ಕೆ ಎತ್ತಿ ಕುತ್ತಿಗೆ ಹಿಂದಕ್ಕೆ ಬಗ್ಗಿಸುತ್ತದೆ. ಸಣ್ಣದಾದರೆ ಗದ್ದ ಒಳಗೆ ಜಾರುತ್ತದೆ. ಗದ್ದ, ದವಡೆ, ತಲೆಯ ಹಿಂಭಾಗ, ಕಾಲರ್ ಎಲುಬು, ಈ ಜಾಗಗಳಲ್ಲಿ ಒತ್ತುತ್ತದೆ. ಬಾಯಿ ತೆಗೆಯಲು ಬಿಡುವುದಿಲ್ಲ, ವಾಂತಿ ಬಂದರೆ ಗಾಬರಿ. ತಲೆಗೆ ಪೆಟ್ಟಾದವರಲ್ಲಿ ಕುತ್ತಿಗೆಯ ರಕ್ತನಾಳ ಒತ್ತಿ ತಲೆಯೊಳಗಿನ ಒತ್ತಡವನ್ನೂ ತುಸು ಏರಿಸುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಆಂಬುಲೆನ್ಸ್‌ನವರು ಗಟ್ಟಿ ಕಾಲರ್ ಬಿಟ್ಟು ಮೆತ್ತನೆ ಕಾಲರ್‌ಗೇ ಬಂದುಬಿಟ್ಟರು. ಮೆತ್ತನೆಯದು ಕುತ್ತಿಗೆ ಹಿಡಿಯುವುದು ಕಡಿಮೆ. "ಅಲುಗಾಡಬೇಡ" ಅಂತ ನೆನಪಿಸುವುದೇ ಅದರ ಕೆಲಸ. ಎಚ್ಚರ ಇರುವ, ಮಾತು ಕೇಳುವ ರೋಗಿಗೆ ಅಷ್ಟು ನೆನಪು ಎಷ್ಟೋ ಸಲ ಸಾಕು.

ಮೂರನೆಯದು ಟವೆಲ್ ಸುರುಳಿ. ತಲೆಯ ಎರಡೂ ಬದಿಗೆ ಬಿಗಿಯಾಗಿ ಸುತ್ತಿದ ಟವೆಲ್ಲೋ ಬೆಡ್‌ಶೀಟೋ ಇಟ್ಟು, ಹಣೆಯ ಮೇಲೆ ಒಂದು ಟೇಪ್. ಗದ್ದದ ಮೇಲೆ ಟೇಪ್ ಯಾವತ್ತೂ ಹಾಕಬೇಡಿ. ಕೆಲವು ಕಡೆ 500 ಎಂಎಲ್ ಸಲೈನ್ ಬಾಟಲಿ ಇಡುತ್ತಾರೆ. ಅದು ಉರುಳುತ್ತದೆ. ಮರಳಿನ ಚೀಲವೂ ನನಗೆ ಇಷ್ಟವಿಲ್ಲ. ವಾಂತಿ ಆಗಿ ಮಗ್ಗುಲಿಗೆ ತಿರುಗಿಸಿದಾಗ ಆ ಭಾರವೆಲ್ಲ ತಲೆಯ ಮೇಲೇ ಬೀಳುತ್ತದೆ. ದೂರದ ದಾರಿ, ಎಚ್ಚರ ಇರುವ ರೋಗಿ, ಜೊತೆಗೆ ಕೂತವರು ಕಣ್ಣಿಟ್ಟು ನೋಡುವಂತಿದ್ದರೆ ಸುರುಳಿ, ಮೆತ್ತನೆ ಕಾಲರ್ ಎರಡೂ ಸೇರಿ ಗಟ್ಟಿ ಕಾಲರ್‌ಗಿಂತ ಹಿತ. ಎಚ್ಚರ ಇಲ್ಲದವನಿಗೆ, ಕುಡಿದು ಎದ್ದು ಕೂರಲು ಹೋಗುವವನಿಗೆ, ಕೈಕಾಲಲ್ಲಿ ಶಕ್ತಿ ಕಡಿಮೆಯಾದವನಿಗೆ ಗಟ್ಟಿ ಕಾಲರೇ ಸರಿ. ಅಳತೆ ಮಾತ್ರ ತಪ್ಪಬಾರದು. ಅದೂ ಕುಡಿದವನು ಜಗಳಕ್ಕೇ ನಿಂತರೆ ಹಿಡಿದು ಕಟ್ಟಬೇಡಿ. ಮೈ ಕಟ್ಟಿ ತಲೆ ಎಳೆದಾಡಿದರೆ ಕುತ್ತಿಗೆಗೆ ಇನ್ನೂ ಕೆಡುಕು.

ಕಟ್ಟುವ ಕ್ರಮಕ್ಕೂ ಅರ್ಥ ಇದೆ. ಮೈ ಮೊದಲು, ತಲೆ ಕೊನೆಗೆ. ಬಿಚ್ಚುವಾಗ ತಲೆ ಮೊದಲು. ಎದೆಯ ಪಟ್ಟಿ ಉಸಿರು ಎಳೆದಾಗ ಬಿಗಿಯಬಾರದು.

ಎಲ್ಲಕ್ಕಿಂತ ಹಿತವಾದ ಕಾಲರ್ ಅಂದರೆ ಬೇಡವಾದಾಗ ತೆಗೆದ ಕಾಲರ್. 34,069 ರೋಗಿಗಳ ಮೇಲೆ ನಡೆದು 2000ದಲ್ಲಿ ಪ್ರಕಟವಾದ ನೆಕ್ಸಸ್ ಅಧ್ಯಯನ ಐದು ಪ್ರಶ್ನೆ ಕೊಟ್ಟಿದೆ. ಕುತ್ತಿಗೆಯ ನಡುವಿನ ಎಲುಬು ಮುಟ್ಟಿದರೆ ನೋವಿದೆಯಾ? ಕುಡಿದಿದ್ದಾರಾ? ಎಚ್ಚರ ಸರಿ ಇದೆಯಾ? ಕೈಕಾಲಲ್ಲಿ ಜೋಮು, ಶಕ್ತಿಗುಂದುವಿಕೆ ಇದೆಯಾ? ಕುತ್ತಿಗೆಯ ನೋವನ್ನೇ ಮರೆಸುವಷ್ಟು ದೊಡ್ಡ ಪೆಟ್ಟು ಬೇರೆಲ್ಲಾದರೂ ಇದೆಯಾ? ಐದಕ್ಕೂ ಸಮಾಧಾನದ ಉತ್ತರ ಸಿಕ್ಕರೆ ಕುತ್ತಿಗೆಯ ಎಕ್ಸ್‌ರೇಯೇ ಬೇಡ ಅಂತ ಡಾಕ್ಟರು ಹೇಳಬಹುದು. ಮನೆಯವರು ಡ್ಯೂಟಿ ಡಾಕ್ಟರನ್ನು ಮೆತ್ತಗೆ ಕೇಳಿ: "ಸಾಹೇಬ್ರ, ಕಾಲರ್ ಇನ್ನೂ ಬೇಕಾಗ್ಯದೇನ್ರಿ?" ಕೇಳಿದರೆ ತಪ್ಪಿಲ್ಲ. ಎಷ್ಟೋ ಸಲ ಗದ್ದಲದಲ್ಲಿ ಮರೆತೇ ಹೋಗಿರುತ್ತದೆ.

ಕಾಲು, ಕೈ: ಗಟ್ಟಿಗಿಂತ ಹೊಂದಿಕೆ ಮುಖ್ಯ

ಹೊಲದಲ್ಲಿ ಕಾಲು ಮುರಿದಾಗ ಜನ ಕೈಗೆ ಸಿಕ್ಕಿದ್ದು ಕಟ್ಟಿ ತರುತ್ತಾರೆ. ಕಬ್ಬಿನ ಜಲ್ಲೆ ಕಟ್ಟಿ ತಂದದ್ದನ್ನೂ ನೋಡಿದ್ದೇನೆ. ಬುದ್ಧಿ ಮೆಚ್ಚಬೇಕು, ಆದರೆ ಕಬ್ಬಿನ ಗಣ್ಣು ಒಂದೊಂದೂ ಚರ್ಮಕ್ಕೆ ಚುಚ್ಚುತ್ತದೆ. ಕಟ್ಟಿಗೆ ಪಟ್ಟಿಯೂ ಅದೇ ಕಥೆ, ನೇರ ಇರುತ್ತದೆ, ಕಾಲು ನೇರ ಇರುವುದಿಲ್ಲ. ನನ್ನ ಕೇಳಿದರೆ ದಪ್ಪ ರಟ್ಟಿನ ಡಬ್ಬಿ ಇವೆರಡಕ್ಕಿಂತ ಮೇಲು. ಟಿವಿ ಬಂದ ಡಬ್ಬಿ, ಹಣ್ಣಿನ ಪೆಟ್ಟಿಗೆ. ಕತ್ತರಿಸಿ ಅರ್ಧ ಕೊಳವೆಯಂತೆ ಮಡಚಿ, ಒಳಗೆ ಬಟ್ಟೆ ಹಾಸಿ ಕಟ್ಟಿದರೆ ಹಗುರ, ಹೊಂದಿಕೆ, ಎಕ್ಸ್‌ರೇಗೂ ಬಿಚ್ಚಬೇಕಾಗಿಲ್ಲ. ಫೋಮ್ ಸುತ್ತಿದ ಅಲ್ಯೂಮಿನಿಯಮ್ ಪಟ್ಟಿ ಇದ್ದರೆ ಅದು ಇನ್ನೂ ಚೆಂದ. ಏನೂ ಇಲ್ಲದಿದ್ದರೆ ನೆಟ್ಟಗಿರುವ ಇನ್ನೊಂದು ಕಾಲಿಗೇ ಕಟ್ಟಿ, ನಡುವೆ ಮಡಚಿದ ಟವೆಲ್ ಇಡಿ.

ಯಾವುದನ್ನೇ ಕಟ್ಟಿ, ಮುರಿದ ಜಾಗದ ಮೇಲಿನ ಕೀಲು, ಕೆಳಗಿನ ಕೀಲು ಎರಡೂ ಸೇರಬೇಕು. ಮೊಣಕಾಲಿನ ಹೊರಬದಿಯಲ್ಲಿ, ಕೀಲಿಗೆ ಸ್ವಲ್ಪ ಕೆಳಗೆ ಒಂದು ಎಲುಬಿನ ಗಂಟು ಕೈಗೆ ಸಿಗುತ್ತದೆ. ಅದರ ಪಕ್ಕದಲ್ಲೇ ಚರ್ಮದ ಕೆಳಗೆ ಒಂದು ನರ ಹಾದುಹೋಗುತ್ತದೆ. ಅಲ್ಲಿ ಪಟ್ಟಿ ಒತ್ತಿದರೆ ಎಲುಬು ಕೂಡಿದ ಮೇಲೂ ಪಾದ ಎತ್ತಲಾಗದೆ ಚಪ್ಪಲಿ ಎಳೆಯುತ್ತಾ ನಡೆಯಬೇಕಾಗುತ್ತದೆ. ಅಲ್ಲಿಗೊಂದು, ಹರಡಿನ (ಪಾದದ ಕೀಲಿನ) ಎರಡೂ ಗಂಟಿಗೊಂದೊಂದು ಹತ್ತಿಯೋ ಬಟ್ಟೆಯೋ ಇರಲಿ. ಕಟ್ಟುವ ಮೊದಲು ಬಳೆ, ಉಂಗುರ, ಕಡಗ, ಕಾಲುಂಗುರ ತೆಗೆಸಿ. ಮದುವೆಯಾದ ಹೆಣ್ಣುಮಕ್ಕಳು ಕಾಲುಂಗುರ ತೆಗೆಯಲು ಒಪ್ಪುವುದಿಲ್ಲ. ಊದಿದ ಮೇಲೆ ಕತ್ತರಿಸಬೇಕಾಗುತ್ತದೆ, ಈಗ ತೆಗೆದರೆ ಮತ್ತೆ ಹಾಕಿಕೊಳ್ಳಬಹುದು ಅಂದರೆ ಒಪ್ಪುತ್ತಾರೆ.

ತೊಡೆಯ ಎಲುಬು ಮುರಿದರೆ ಥಾಮಸ್ ಸ್ಪ್ಲಿಂಟ್. ಕಾಲನ್ನು ಎಳೆದು ಹಿಡಿಯುವ ಕಬ್ಬಿಣದ ಚೌಕಟ್ಟು, ತೊಡೆಯ ಸಂದಿಗೆ ಒಂದು ಬಳೆ. ಇದನ್ನು ಮಾಡಿದ ಹ್ಯೂ ಓವೆನ್ ಥಾಮಸ್ 19ನೇ ಶತಮಾನದ ಲಿವರ್‌ಪೂಲ್‌ನ ಡಾಕ್ಟರ್. ಮನೆತನದ ಕಸುಬು ಎಲುಬು ಕಟ್ಟುವುದು, ನಮ್ಮ ಹಳ್ಳಿಗಳ ಎಲುಬು ಕಟ್ಟುವವರ ಹಾಗೆಯೇ. ಅವರ ಹೆಂಡತಿಯ ಕಡೆಯಿಂದ ಬಂಧುವಾಗಿದ್ದ ರಾಬರ್ಟ್ ಜೋನ್ಸ್ ಇದನ್ನು ಮೊದಲ ಮಹಾಯುದ್ಧದ ಗಾಯಾಳುಗಳಿಗೆ ಮುಟ್ಟಿಸಿದರು. ತೊಡೆಯೊಳಗೆ ಒಂದು ಲೀಟರಿಗೂ ಮೇಲೆ ರಕ್ತ ಸೋರಬಹುದು. ಎಳೆದು ಹಿಡಿದರೆ ಸೋರುವುದೂ ಕಡಿಮೆ, ನೋವೂ ಕಡಿಮೆ. ಹಾಕುವಾಗ ಮಾತ್ರ ಜೀವ ಹೋಗುವಷ್ಟು ನೋವು, ಆದ್ದರಿಂದ ಔಷಧ ಕೊಟ್ಟ ಮೇಲೆಯೇ ಹಾಕಬೇಕು. ಬಳೆಗೆ ಮೆತ್ತೆ ಸುತ್ತಿದ್ದಾರಾ ಅಂತ ನೋಡಿ. ಸೊಂಟದ ಎಲುಬು, ಮೊಣಕಾಲು, ಹರಡು ಕೂಡ ಮುರಿದಿದ್ದರೆ ಇದು ಬೇಡ. ಸೊಂಟದ ಎಲುಬಿಗೆ ಮಡಚಿದ ಬೆಡ್‌ಶೀಟೋ ಧೋತರವೋ ಸುತ್ತಿ ಬಿಗಿಯುತ್ತಾರೆ. ಅದು ಹೊಟ್ಟೆಯ ಮಟ್ಟಕ್ಕಲ್ಲ, ತೊಡೆಯ ಹೊರಬದಿಯಲ್ಲಿ ಎಲುಬು ಕೈಗೆ ಸಿಗುವ ಮಟ್ಟಕ್ಕೆ.

ಪಿಒಪಿ ಆಸ್ಪತ್ರೆಯ ಕೆಲಸ. ಹೊಸ ಮುರಿತಕ್ಕೆ ಸುತ್ತಲೂ ಹಾಕುವ ಪೂರ್ತಿ ಪ್ಲಾಸ್ಟರ್‌ಗಿಂತ ಒಂದು ಬದಿಗೆ ಹಾಕುವ ಸ್ಲ್ಯಾಬ್ ಒಳ್ಳೇದು, ಊತಕ್ಕೆ ಜಾಗ ಇರುತ್ತದೆ. ಒಂದು ಸಣ್ಣ ಮಾತು, ನಮ್ಮ ಬೇಸಿಗೆಗೇ ಹೇಳಿದ್ದು: ಪಿಒಪಿ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಟ್ಯಾಂಕಿನ ನಲ್ಲಿಯಲ್ಲಿ ಬರುವ ನೀರೂ ಬಿಸಿ. ಆ ನೀರಲ್ಲಿ ಅದ್ದಿದರೆ ಇನ್ನೂ ಬಿಸಿಯಾಗುತ್ತದೆ. ಮಣ್ಣಿನ ಗಡಿಗೆಯ ತಣ್ಣೀರು ತನ್ನಿ.

ಕಟ್ಟಿದ ಮೇಲೆ ಬೆರಳ ಉಗುರು ಒತ್ತಿ ಬಿಡಿ. ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ಹದಿನೈದಿಪ್ಪತ್ತು ನಿಮಿಷಕ್ಕೊಮ್ಮೆ ಮತ್ತೆ. ಔಷಧ ಕೊಟ್ಟರೂ ಏರುತ್ತಲೇ ಇರುವ ನೋವು, ಬೆರಳನ್ನು ನಾವು ಮೆಲ್ಲಗೆ ಚಾಚಿದರೂ ಚೀರುವಷ್ಟು ನೋವು ಇದ್ದರೆ ಅದು ನಾಟಕವಲ್ಲ. ಸಿಸ್ಟರೋ ಬ್ರದರೋ ಪಟ್ಟಿಯನ್ನು ಚರ್ಮದವರೆಗೂ ಸಡಿಲಿಸಿ ಡಾಕ್ಟರನ್ನು ಕೂಗಬೇಕು, ಮನೆಯವರು ಕೂಡಲೇ ಅವರನ್ನು ಕರೆಯಬೇಕು. ಒಳಗೆ ಒತ್ತಡ ಏರಿ ಮಾಂಸಖಂಡ ಸಾಯುವುದಕ್ಕೆ ಕೆಲವೇ ಗಂಟೆ ಸಾಕು. ಬಿದಿರಿನ ದಬ್ಬೆ ಬಿಗಿದು ಬಂದು ಕೈ ಕೊಕ್ಕೆಯಂತೆ ಮಡಚಿಹೋದ ಹುಡುಗರನ್ನು ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಯ ಎಲುಬಿನ ಡಾಕ್ಟರುಗಳು ನೋಡಿಯೇ ಇರುತ್ತಾರೆ.

ನೋವಿಗೆ ಔಷಧ

ಇದರಲ್ಲಿ ತೀರ್ಮಾನ ಡಾಕ್ಟರದೇ, ಆದ್ದರಿಂದ ಚುಟುಕಾಗಿ. ನಮ್ಮ ಕಡೆ ಮೊದಲು ಕೈಗೆ ಬರುವುದು ಕುಂಡಿಗೆ ಚುಚ್ಚುವ ಡೈಕ್ಲೋ, ಅಂದರೆ ಡೈಕ್ಲೋಫೆನಾಕ್. ರಕ್ತ ಹೋದವನಿಗೆ ನನಗೆ ಅದು ಹಿಡಿಸುವುದಿಲ್ಲ, ಮಾಂಸಖಂಡಕ್ಕೆ ರಕ್ತವೇ ಸರಿಯಾಗಿ ಹರಿಯದಾಗ ಔಷಧ ಎಲ್ಲಿ ಏರಬೇಕು? ಕಿಡ್ನಿಗೂ ಒಳ್ಳೇದಲ್ಲ. ರಕ್ತನಾಳಕ್ಕೆ ಕೊಡುವ ಪ್ಯಾರಾಸಿಟಮಾಲ್ ಸೌಮ್ಯ, ಎಲ್ಲರಿಗೂ ಅಡಿಪಾಯ. ಟ್ರಮಡಾಲ್‌ಗೆ ಹೊಟ್ಟೆ ತೊಳಸುತ್ತದೆ, ಅಂಗಾತ ಕಟ್ಟಿ ಮಲಗಿಸಿದವನಿಗೆ ವಾಂತಿ ಅಂದರೆ ಅಪಾಯ, ಹಾಗಾಗಿ ವಾಂತಿ ತಡೆಯುವ ಔಷಧವೂ ಜೊತೆಗೆ ಬೇಕು. ಫೆಂಟನಿಲ್ ನಿಮಿಷಗಳಲ್ಲಿ ಹಿಡಿಯುತ್ತದೆ, ಉಸಿರಿನ ಮೇಲೆ ಕಣ್ಣಿರಬೇಕು. ಕಡಿಮೆ ಪ್ರಮಾಣದ ಕೆಟಮಿನ್ ಬಿಪಿ ಇಳಿಸುವುದಿಲ್ಲ, ಆದರೆ ರೋಗಿ ಏನೇನೋ ಕಂಡ ಹಾಗೆ ಮಾತಾಡಬಹುದು. ಮನೆಯವರಿಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ "ತಲಿಗೆ ಏನೋ ಆತು" ಅಂತ ಅಳುತ್ತಾರೆ. ಸೊಂಟ, ತೊಡೆ ಮುರಿದ ಹಿರಿಯರಿಗೆ ತೊಡೆಯ ಬುಡದಲ್ಲಿ ಕೊಡುವ ನರದ ಬ್ಲಾಕ್, ಅಂದರೆ ನರವನ್ನು ಮರಗಟ್ಟಿಸುವ ಸೂಜಿ, ಎಲ್ಲಕ್ಕಿಂತ ಹಿತ. ಗಂಟೆಗಟ್ಟಲೆ ನೋವಿಲ್ಲ, ಮಂಪರೂ ಇಲ್ಲ. ದೂರದ ಆಸ್ಪತ್ರೆಗೆ ಕಳಿಸುವ ಮೊದಲು "ಬ್ಲಾಕ್ ಕೊಡಬಹುದೇ" ಅಂತ ಒಮ್ಮೆ ಕೇಳಿ. ನೋವು ತಗ್ಗಿಸಿದರೆ ಕಾಯಿಲೆ ಮುಚ್ಚಿಹೋಗುತ್ತದೆ ಅನ್ನುವುದು ಹಳೆಯ ಕಾಲದ ಹೆದರಿಕೆ.

ದುಡ್ಡು ಬೇಡದ್ದು

ಅಂಗಾತ ಕಟ್ಟಿ ಮಲಗಿಸಿದವನಿಗೆ ಕಾಣುವುದು ಸೂರು, ಟ್ಯೂಬ್‌ಲೈಟ್, ಬಗ್ಗಿ ನೋಡುವ ಮುಖಗಳು. ಬದಿಯಿಂದ ಮಾತಾಡಿಸಿದರೆ ತಲೆ ತಿರುಗಿಸುತ್ತಾನೆ. ಅವನ ಮುಖದ ನೇರಕ್ಕೆ ಬಂದು ಮಾತಾಡಿ. ಕನ್ನಡಕ ಇದ್ದರೆ ಹಾಕಿ. ಎತ್ತುವ ಮೊದಲು "ಈಗ ಎತ್ತತೀವಿ ಕಾಕಾ" ಅನ್ನಿ. ಬಾಯಿ ಒಣಗಿದರೆ ಒದ್ದೆ ಬಟ್ಟೆಯಿಂದ ತುಟಿ ಒರೆಸಿ. ನೀರು, ಚಹಾ ಬೇಡ, ಆಪರೇಷನ್ ಆಗಬಹುದು. ಮೂಗಿನ ತುರಿಕೆ ಕೂಡ ಕೇಳಿ. ಕೈ ಕಟ್ಟಿದವನಿಗೆ ಅದು ಸಣ್ಣದಲ್ಲ.

ಬೇಸಿಗೆ ಅಂತ ಫ್ಯಾನ್ ಹಾಕಿ ಬಿಡಬೇಡಿ. ರಕ್ತ ಹೋದವರಿಗೆ 40 ಡಿಗ್ರಿಯಲ್ಲೂ ಚಳಿ ಆಗುತ್ತದೆ. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದು ಕಡಿಮೆಯಾಗುತ್ತದೆ. ಕೆಳಗೊಂದು ಕೌದಿ ಅಂದೆನಲ್ಲ, ಮೇಲೊಂದು ಹೊದಿಕೆಯೂ ಇರಲಿ.

ಮೂತ್ರದ ಮಾತು ಯಾರೂ ಎತ್ತುವುದಿಲ್ಲ. ಹೆಣ್ಣುಮಕ್ಕಳಂತೂ ಮೂರು ಗಂಟೆ ಹಲ್ಲು ಕಚ್ಚಿ ಮಲಗಿರುತ್ತಾರೆ. ಅವರು ಒದ್ದಾಡುವುದನ್ನು ನೋಡಿ ನಾವು ನೋವು ಅಂದುಕೊಂಡು ಸೂಜಿ ಕೊಡುತ್ತೇವೆ. ಹೊರಡುವ ಮೊದಲು ಗಂಡಸರನ್ನೆಲ್ಲ ಹೊರಗೆ ಕಳಿಸಿ, ಪರದೆ ಎಳೆದು, "ಅಕ್ಕಾ, ಒಂದಕ್ಕ ಹೋಗಬೇಕೇನ?" ಅಂತ ಕಿವಿ ಹತ್ತಿರ ಕೇಳಿ. ಸೊಂಟದ ಎಲುಬಿಗೆ ಪೆಟ್ಟಾಗಿದ್ದರೆ ಬೆಡ್‌ಪ್ಯಾನ್ ತೂರಿಸಬೇಡಿ, ಡಾಕ್ಟರಿಗೆ ಹೇಳಿ.

ಕೊನೆಗೆ ಒಂದು ಪೆನ್ನು. ಹಣೆಯ ಟೇಪಿನ ಮೇಲೋ ಹಲಗೆಯ ಅಂಚಿಗೆ ಅಂಟಿಸಿದ ಪಟ್ಟಿಯ ಮೇಲೋ ಕಟ್ಟಿದ ಸಮಯ ಬರೆಯಿರಿ. "4.10ಕ್ಕೆ ಹಲಗೆ." ರೆಫರ್ ಚೀಟಿ ಓದಲು ಪುರುಸೊತ್ತಿಲ್ಲದ ಡಾಕ್ಟರ್ ಕೂಡ ಅದನ್ನು ಓದಿ ತನ್ನ ಗಡಿಯಾರ ನೋಡುತ್ತಾನೆ.